ಬೈಕ್ ಎಂಜಿನ್ ಕಾರಿನ ಕೂಲಿಂಗ್: ಮೊದಲು ಗಾಳಿಗೆ ಹಾದಿ, ಆಮೇಲೆ ದೊಡ್ಡ ರೇಡಿಯೇಟರ್

ಹುಬ್ಬಳ್ಳಿ-ಧಾರವಾಡದ ಏಪ್ರಿಲ್ ಬಿಸಿಲಿನಲ್ಲಿ ಬೈಕ್ ಎಂಜಿನ್ ಕೂರಿಸಿದ ಫಾರ್ಮುಲಾ ರೇಸ್ ಕಾರು ಕುದಿಯಿತೆಂದರೆ ವರ್ಕ್‌ಶಾಪಿನಲ್ಲಿ ಮೊದಲು ಬರುವ ಮಾತು, ‘ದೊಡ್ಡ ರೇಡಿಯೇಟರ್ ಹಾಕೋಣ’. ತುಸು ತಡೆಯಿರಿ. ಹಳೆಯ ಕೆಟಿಎಂ 390 ಡ್ಯೂಕ್‌ನ 373 ಸಿಸಿ ಎಂಜಿನ್ ಬೈಕಿನಲ್ಲಿ ಅದೇ ಸಣ್ಣ ರೇಡಿಯೇಟರಿನಲ್ಲೇ ತಣ್ಣಗಿರುತ್ತದೆ. ಅಲ್ಲಿ ರೇಡಿಯೇಟರ್ ಮುಂದಿನ ಗಾಲಿಯ ಹಿಂದೆ ನೇರ ಗಾಳಿಗೆ ಇದೆ. ಕಾರಿನಲ್ಲಿ ಅದು ಸೈಡ್‌ಪಾಡಿನೊಳಗೆ (ಪಕ್ಕದ ಕವಚದೊಳಗೆ), ಎಂಜಿನ್ ಡ್ರೈವರನ ಬೆನ್ನ ಹಿಂದೆ. ಹಾಗಾಗಿ ಕೆಡುವುದು ಎರಡೇ ಕಡೆ: ಗಾಳಿಯ ಹಾದಿಯಲ್ಲಿ, ಇಲ್ಲವೇ ನೀರಿನ ಹಾದಿಯಲ್ಲಿ.

ಯಾವುದೆಂದು ತಿಳಿಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ. ರೇಡಿಯೇಟರಿಗೆ ನೀರು ಬರುವ ಮತ್ತು ಹೋಗುವ ಎರಡೂ ಪೈಪಿನ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ ಅದರ ಮೇಲೇ ಅಳೆಯಿರಿ. ಎಂಜಿನ್ ಕಾಯಿಸಿ, ಥರ್ಮೋಸ್ಟಾಟ್ (ಕಾವೇರಿದಾಗ ನೀರಿಗೆ ದಾರಿ ಬಿಡುವ ಕವಾಟ) ತೆರೆದು ಫ್ಯಾನ್ ಓಡುತ್ತಿರುವಾಗ 4000 ಆರ್‌ಪಿಎಂನಲ್ಲಿ ಹಿಡಿದು ನೋಡಿ. ಬರುವ ಪೈಪಿನಲ್ಲಿ 98, ಹೋಗುವ ಪೈಪಿನಲ್ಲಿ 96 ಡಿಗ್ರಿ ಎಂದರೆ ನೀರು ಓಡುತ್ತಿದೆ, ಗಾಳಿ ಶಾಖ ಒಯ್ಯುತ್ತಿಲ್ಲ. ಬರುವುದರಲ್ಲಿ 100, ಹೋಗುವುದರಲ್ಲಿ 70 ಎಂದರೆ ನೀರೇ ನಿಧಾನ: ಏರ್ ಲಾಕ್ (ಒಳಗೆ ಸಿಕ್ಕಿಬಿದ್ದ ಗಾಳಿ), ಪೂರ್ತಿ ತೆರೆಯದ ಥರ್ಮೋಸ್ಟಾಟ್ ಅಥವಾ ಪಂಪಿನ ಎಳೆತಕ್ಕೆ ಚಪ್ಪಟೆಯಾದ ಹೋಸ್. ವ್ಯತ್ಯಾಸ 5ರಿಂದ 10 ಡಿಗ್ರಿ ಇದ್ದೂ ಕಾವು ಏರುತ್ತಲೇ ಇದ್ದರೆ ಮಾತ್ರ ರೇಡಿಯೇಟರ್ ಸಾಲುತ್ತಿಲ್ಲ.

ಗಾಳಿಯ ಕೆಲಸವೇ ಹೆಚ್ಚು. ಗಾಳಿ ಸುಲಭದ ಹಾದಿ ಹುಡುಕುತ್ತದೆ. ರೇಡಿಯೇಟರ್ ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೂ ಫಿನ್‌ಗಳನ್ನು (ರೇಡಿಯೇಟರಿನ ತೆಳು ತಗಡುಗಳನ್ನು) ಬಿಟ್ಟು ಅಲ್ಲೇ ನುಗ್ಗುತ್ತದೆ. ಸುತ್ತಲೂ ಫೋಮ್ ಪಟ್ಟಿ ಅಂಟಿಸಿ ಮುಚ್ಚಿ. ಗಾಳಿ ತರುವ ಡಕ್ಟಿನ ಬಾಯಿ ರೇಡಿಯೇಟರ್ ಮುಖದ ವಿಸ್ತೀರ್ಣದ ಮೂರರಲ್ಲೊಂದು ಭಾಗದಿಂದ ಅರ್ಧದವರೆಗೆ ಇದ್ದರೆ ಸಾಕು, ಅಲ್ಲಿಂದ ನಿಧಾನಕ್ಕೆ ಅಗಲವಾಗಲಿ. ಬಿಸಿಗಾಳಿ ಹಿಗ್ಗುವುದರಿಂದ ಹೊರಬಾಯಿ ಒಳಬಾಯಿಗಿಂತ ದೊಡ್ಡದಿರಬೇಕು. ಹೊರಬಾಯಿ ಮರೆತ ಸೈಡ್‌ಪಾಡ್ ಬರೀ ಬಿಸಿಗಾಳಿಯ ಪೆಟ್ಟಿಗೆ. ಸಂದಿ ಉಳಿದಿದೆಯೇ ಎಂದು ನೋಡಲು, ಪೆಟ್ರೋಲ್ ಟ್ಯಾಂಕ್ ಕೂರಿಸುವ ಮೊದಲೇ, ಬ್ಯಾಟರಿಯಿಂದ ಫ್ಯಾನ್ ಓಡಿಸಿ ಅಂಚಿನುದ್ದಕ್ಕೂ ಊದುಬತ್ತಿ ಹಿಡಿಯಿರಿ. ಹೊಗೆ ಫಿನ್ ಬಿಟ್ಟು ಎಲ್ಲಿ ಬಾಗುತ್ತದೋ ಅಲ್ಲೇ ಸೋರಿಕೆ.

ಫ್ಯಾನ್ ಹಿಂದಿನಿಂದ ಎಳೆಯುವಂತಿರಲಿ, ಅದರ ಸುತ್ತಿನ ಕವಚ, ಅಂದರೆ ಶ್ರೌಡ್, ಇಡೀ ರೇಡಿಯೇಟರನ್ನು ಮುಚ್ಚಲಿ. ವೈರ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಎದುರಿನಿಂದ ಬರುವ ಗಾಳಿಗೇ ಅಡ್ಡ ಬರುತ್ತದೆ. ಮುಂದೆ ಪೇಪರಿನ ಹಾಳೆ ಹಿಡಿಯಿರಿ: ಅಂಟಿಕೊಂಡರೆ ಸರಿ, ಹಾರಿದರೆ ವೈರ್ ತಿರುಗಿಸಿ. ಕರೆಂಟ್ ಸ್ವಿಚ್ಚಿನ ಮೂಲಕವಲ್ಲ, ರಿಲೇ ಮತ್ತು ಫ್ಯೂಸ್ ಮೂಲಕ ಬ್ಯಾಟರಿಯಿಂದ ಬರಲಿ. ಕೀ ತೆಗೆದ ಮೇಲೂ ಎರಡು ನಿಮಿಷ ಫ್ಯಾನ್ ಓಡಿದರೆ ರೇಡಿಯೇಟರಿನಲ್ಲಿ ನಿಂತ ನೀರು ತಣಿಯುತ್ತದೆ. ಪಂಪ್ ಎಂಜಿನ್ ಜೊತೆಗೇ ನಿಲ್ಲುವುದರಿಂದ, ಜೋರಾಗಿ ಓಡಿಸಿದ ತಕ್ಷಣ ಆಫ್ ಮಾಡಬೇಡಿ; ಒಂದು ಸುತ್ತು ನಿಧಾನ ಬನ್ನಿ.

ಇನ್ನು ನೀರು. ರೇಡಿಯೇಟರ್ ತಗ್ಗಿನಲ್ಲಿದ್ದರೆ ಸಿಲಿಂಡರ್ ಹೆಡ್ಡೇ ಎತ್ತರದ ಜಾಗವಾಗಿ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಹೆಡ್ಡಿಗಿಂತ ಮೇಲೆ ಒಂದು ಹೆಡರ್ ಟ್ಯಾಂಕ್ (ಸಣ್ಣ ನೀರಿನ ಟ್ಯಾಂಕ್) ಇಡಿ. ಒತ್ತಡ ಹಿಡಿದಿಡುವ ಪ್ರೆಶರ್ ಕ್ಯಾಪ್ ಅದಕ್ಕೆ ಮಾತ್ರ, ರೇಡಿಯೇಟರಿಗೆ ಬರೀ ಮುಚ್ಚಳ. ಹೆಡ್ಡಿನಿಂದಲೂ ರೇಡಿಯೇಟರಿನ ಮೇಲ್ತುದಿಯಿಂದಲೂ 6 ಎಂಎಂ ಪೈಪ್ ಟ್ಯಾಂಕಿನ ಮೇಲ್ಭಾಗಕ್ಕೆ, ಟ್ಯಾಂಕಿನ ತಳದಿಂದ ದಪ್ಪ ಪೈಪ್ ಪಂಪಿನ ಒಳಬಾಯಿಗೆ. ಅಲ್ಯೂಮಿನಿಯಂ ಪೈಪಿನ ತುದಿಯ ಸುತ್ತ ಉಬ್ಬಿದ ಅಂಚು ಇಲ್ಲದಿದ್ದರೆ ಕ್ಲಾಂಪ್ ಎಷ್ಟು ಬಿಗಿದರೂ ಹೋಸ್ ಜಾರುತ್ತದೆ.

ಪ್ರೆಶರ್ ಕ್ಯಾಪ್ ಅಗ್ಗದ ಭಾಗ, ಆದರೆ ಹಳೆಯದನ್ನು ನಂಬಬೇಡಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ನೀರು 98 ಡಿಗ್ರಿಯಲ್ಲೇ ಕುದಿಯುತ್ತದೆ. 1.1 ಬಾರ್ ಕ್ಯಾಪ್ ಒತ್ತಡ ಹಿಡಿದಿಟ್ಟರೆ ಕುದಿಬಿಂದು 120ರ ಆಸುಪಾಸಿಗೆ ಏರುತ್ತದೆ.

ತುಂಬುವಾಗ ಕಾರಿನ ಹೆಡರ್ ಟ್ಯಾಂಕ್ ಇರುವ ತುದಿಯನ್ನು ಜ್ಯಾಕ್ ಕೊಟ್ಟು ಒಂದಡಿ ಎತ್ತಿ. ಸಣ್ಣ ಧಾರೆಯಲ್ಲಿ ಸುರಿಯುತ್ತ ಹೋಸ್‌ಗಳನ್ನು ಹಿಂಡಿ, ಗುಳ್ಳೆ ಬರಲಿ. ಕ್ಯಾಪ್ ತೆರೆದೇ ಎಂಜಿನ್ ಓಡಿಸಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ ಮುಚ್ಚಿ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ನೋಡಿ. ಟೆಂಪರೇಚರ್ ಸೆನ್ಸರ್ ಗಾಳಿಯಲ್ಲಿ ನಿಂತರೆ ಎಂಜಿನ್ ಸುಡುತ್ತಿದ್ದರೂ ಮೀಟರ್ ತಣ್ಣಗೆ ತೋರಿಸುತ್ತದೆ. ಮೀಟರ್ ಥಟ್ಟನೆ ಇಳಿಯಿತೆಂದು ಸಮಾಧಾನಪಡದೆ ಎಂಜಿನ್ ನಿಲ್ಲಿಸಿ.

ಥರ್ಮೋಸ್ಟಾಟ್ ಕಿತ್ತು ಓಡಿಸುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಟ್ಟು ಕಾಯಿಸಿ, 80ರ ಸುತ್ತ ತೆರೆಯಲು ಶುರುವಾಗದಿದ್ದರೆ ಹೊಸದು ಹಾಕಿ.

ಬೋರ್‌ವೆಲ್ ನೀರು ಬೇಡವೇ ಬೇಡ, ಗಡಸು ನೀರಿನ ಸುಣ್ಣ ಒಳಗಿನ ಸಣ್ಣ ನಾಳಗಳಲ್ಲಿ ಕೂರುತ್ತದೆ. ಡಿಸ್ಟಿಲ್ಡ್ ನೀರು ತನ್ನಿ. ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳು ಕಟ್ಟಿದ ರೇಸ್ ಕಾರುಗಳ ಸ್ಪರ್ಧೆ) ನಿಯಮದಲ್ಲಿ ಎಂಜಿನ್ನಿಗೆ ಬರೀ ನೀರು ಮಾತ್ರ, ಕೂಲಂಟಿನಲ್ಲಿರುವ ಗ್ಲೈಕಾಲ್ ನಿಷಿದ್ಧ. ಸ್ಪರ್ಧೆ ಮುಗಿದ ಮೇಲೆ ನೀರನ್ನು ಖಾಲಿ ಮಾಡಿ ಕೂಲಂಟ್ ತುಂಬಿಡಿ, ಇಲ್ಲವಾದರೆ ಅಲ್ಯೂಮಿನಿಯಂ ಒಳಗೊಳಗೇ ತಿನ್ನಿಹೋಗುತ್ತದೆ. ಮುಂದಿನ ಸ್ಪರ್ಧೆಗೆ ಮೂರ್ನಾಲ್ಕು ಸಲ ನೀರು ಹಾಯಿಸಿ ತೊಳೆಯಿರಿ.

ಎರೆಮಣ್ಣಿನ ಧೂಳು ಫಿನ್‌ಗಳಲ್ಲಿ ಗಟ್ಟಿಯಾದರೆ ಹಿಂಬದಿಯಿಂದ ಮುಂಬದಿಗೆ ಸಾದಾ ಪೈಪಿನ ನೀರು ಬಿಡಿ. ಪ್ರೆಶರ್ ವಾಷರ್ ಫಿನ್ ಮಡಚಿಹಾಕುತ್ತದೆ.