ಬ್ರೂನೋ ನುಂಗಿದ ಹಗ್ಗ, ಆಮೇಲೆ ನಾನು ಆಟಿಕೆ ಆರಿಸಿದ ರೀತಿ

ಲ್ಯಾಬ್ರಡಾರ್ ನಾಯಿ ಊಟ ಬಿಟ್ಟಿತು ಅಂದರೆ ಏನೋ ಆಗಿದೆ ಅಂತಲೇ ಅರ್ಥ. ನಮ್ಮ ಬ್ರೂನೋ ಅವತ್ತು ಬೆಳಿಗ್ಗೆ ಅನ್ನದ ತಟ್ಟೆ ಮೂಸಿ ನೋಡಿ, ಹಾಗೇ ಹೋಗಿ ಮೂಲೆಯಲ್ಲಿ ಮಲಗಿದ. ಆಗ ಅವನಿಗೆ ಒಂದೂವರೆ ವರ್ಷ. ಮಧ್ಯಾಹ್ನದೊಳಗೆ ಮೂರು ಸಲ ಹಳದಿ ನೀರು ವಾಂತಿ ಮಾಡಿದ. ಹೊಟ್ಟೆ ಮುಟ್ಟಿದರೆ ಬೆನ್ನು ಬಾಗಿಸಿಕೊಂಡು ನಿಲ್ಲುತ್ತಿದ್ದ. ಹಿಂದಿನ ದಿನದಿಂದ ಕಕ್ಕಸೂ ಮಾಡಿರಲಿಲ್ಲ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ ಕೇಳಿದ ಮೊದಲ ಮಾತು, "ಏನಾದ್ರೂ ನುಂಗಿದಾನಾ? ಬಟ್ಟೆ, ಸಾಕ್ಸು, ಹಗ್ಗ?" ಇಲ್ಲ ಸಾರ್ ಅಂದೆ. ಅಂದ ಮೇಲೆ ನೆನಪಾಯಿತು. ಹಾಲ್‌ನಲ್ಲಿ ಅವನ ಹಗ್ಗದ ಆಟಿಕೆ ಬಿದ್ದಿತ್ತು. ಎರಡೂ ತುದಿಗೆ ದಪ್ಪ ಗಂಟು ಇರುವ, ಬಣ್ಣಬಣ್ಣದ ಹತ್ತಿ ಹಗ್ಗ. ಎರಡು ತಿಂಗಳಿಂದ ಅದನ್ನೇ ಕಡಿಯುತ್ತಿದ್ದ. ಒಂದು ಕಡೆಯ ಗಂಟು ಯಾವತ್ತೋ ಮಾಯವಾಗಿತ್ತು. ದಿನಾ ಕಸ ಗುಡಿಸುವಾಗ ಎತ್ತಿಡುತ್ತಿದ್ದೆ, ಆ ಗಂಟು ಎಲ್ಲಿಗೆ ಹೋಯಿತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಆಪರೇಷನ್ ಆಯಿತು. ತೆಗೆದದ್ದನ್ನು ಡಾಕ್ಟರು ಸ್ಟೀಲ್ ಟ್ರೇಯಲ್ಲಿಟ್ಟು ತೋರಿಸಿದರು. ಒಂದು ಮುಷ್ಟಿ ಹತ್ತಿ ಎಳೆ, ಪಿತ್ತ ತಾಗಿ ಹಸಿರು ತಿರುಗಿತ್ತು. ಒಂದು ತುದಿ ಹೊಟ್ಟೆಯಲ್ಲಿ ಉಂಡೆ ಕಟ್ಟಿ ಸಿಕ್ಕಿಕೊಂಡಿತ್ತು, ಇನ್ನೊಂದು ತುದಿ ಕರುಳಿಗೆ ಇಳಿದಿತ್ತು. ಲಂಗದ ಲಾಡಿ ಎಳೆದರೆ ಬಟ್ಟೆ ನೆರಿಗೆ ಕಟ್ಟುತ್ತದಲ್ಲ, ಕರುಳೂ ಹಾಗೇ ಆಗುತ್ತದೆ. ಕರುಳು ತನ್ನ ಪಾಡಿಗೆ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ, ದಾರ ಬಿಗಿಯುತ್ತಲೇ ಹೋಗುತ್ತದೆ, ಕೊನೆಗೆ ಒಳಗಿನ ಗೋಡೆಯನ್ನೇ ಗರಗಸದ ಹಾಗೆ ಕುಯ್ಯುತ್ತದೆ. ನಾವು ಅಷ್ಟು ದೂರ ಹೋಗುವ ಮೊದಲೇ ಆಸ್ಪತ್ರೆ ಸೇರಿದ್ದೆವು. ಬ್ರೂನೋ ಉಳಿದ. 12ನೇ ದಿನ ಹೊಲಿಗೆ ಬಿಚ್ಚಿದರು.

ಡಾಕ್ಟರು ಹೇಳಿದ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಾಯಿಯ ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುವುದು ಕಂಡರೆ ದಯವಿಟ್ಟು ಎಳೆಯಬೇಡಿ. ಒಳಗೆ ಅದು ಎಲ್ಲಿ ಸಿಕ್ಕಿಕೊಂಡಿದೆಯೋ ಗೊತ್ತಿರುವುದಿಲ್ಲ. ಹಾಗೇ ಕರೆದುಕೊಂಡು ಹೋಗಿ.

ಆ ಹಗ್ಗದ ಪ್ಯಾಕೆಟ್ ಮೇಲೆ ಹಲ್ಲಿಗೆ ಒಳ್ಳೆಯದು ಅಂತ ಬರೆದಿತ್ತು. ನಾನು ಅದನ್ನು ನಂಬಿದ್ದೆ. ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗಾದರೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಆದರೆ ಆ ನಿಯಮ 14 ವರ್ಷದೊಳಗಿನ ಮಕ್ಕಳು ಆಡುವ ಸಾಮಾನಿಗೆ ಮಾತ್ರ. ನಾಯಿಯ ಆಟಿಕೆ ಅದರಲ್ಲಿ ಬರುವುದಿಲ್ಲ. ಮಕ್ಕಳ ಗೊಂಬೆ ತಂದು ಕೊಟ್ಟರೆ ಆಗುತ್ತದಾ ಅಂದರೆ, ಅದೂ ಇಲ್ಲ. ಮಗು ಗೊಂಬೆಯ ಕಣ್ಣನ್ನು ಬೆರಳಲ್ಲಿ ಕೀಳಬಹುದು ಅಂತ ನೋಡಿ ಮಾಡಿರುತ್ತಾರೆ, ಲ್ಯಾಬ್ರಡಾರ್ ದವಡೆಗೆ ಅಂತ ಮಾಡಿರುವುದಿಲ್ಲ. ಹಾಗಾಗಿ ಪರೀಕ್ಷೆ ಮಾಡುವ ಕೆಲಸ ಮನೆಯವರದ್ದೇ.

ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ಚಿನ್ನಿ. ಮೈಸೂರಿನ ನಮ್ಮ ಬೀದಿಯಲ್ಲೇ ಹುಟ್ಟಿದ ನಾಟಿ ನಾಯಿ. ಬ್ರೂನೋ ಮಲಗಿದ್ದ ಆ ದಿನಗಳಲ್ಲಿ ನಾನು ಇಬ್ಬರ ಬಾಯನ್ನೂ ಸರಿಯಾಗಿ ನೋಡಲು ಶುರುಮಾಡಿದೆ. ಚಿನ್ನಿ ಏನು ಕೊಟ್ಟರೂ ಮುಂಗಾಲಲ್ಲಿ ಒತ್ತಿ ಹಿಡಿದು ಮುಂದಿನ ಸಣ್ಣ ಹಲ್ಲುಗಳಿಂದ ಕೀಳುತ್ತಾಳೆ. ಚೂರುಚೂರು ಮಾಡಿ ಪಕ್ಕಕ್ಕೆ ಉಗಿಯುತ್ತಾಳೆ. ನುಂಗುವುದಿಲ್ಲ. ಬ್ರೂನೋ ತಲೆ ವಾರೆ ಮಾಡಿ ಹಿಂದಿನ ದವಡೆಗೆ ಹಾಕಿಕೊಂಡು ಕಟಕಟ ಅಗಿಯುತ್ತಾನೆ, ಕಿತ್ತು ಬಂದದ್ದು ಸೀದಾ ಒಳಗೆ. ಅದೇ ಹಗ್ಗ ಚಿನ್ನಿಗೆ ಅಷ್ಟು ಅಪಾಯ ಅಲ್ಲ, ಅವನಿಗೆ ವಿಷ. ಅಂಗಡಿಯಲ್ಲಿ ಒಳ್ಳೆ ಆಟಿಕೆ ಯಾವುದು ಅಂತ ಕೇಳುವುದನ್ನು ಅಲ್ಲಿಗೇ ಬಿಟ್ಟೆ. ನಿಮ್ಮ ನಾಯಿ ಚೂರು ಮಾಡುತ್ತದಾ, ಅಗಿಯುತ್ತದಾ, ನುಂಗುತ್ತದಾ? ಇದು ಗೊತ್ತಾದ ಮೇಲೇ ಉಳಿದದ್ದು.

ಈಗ ಯಾವ ಹೊಸ ಆಟಿಕೆ ಬಂದರೂ ಮೊದಲ 20 ನಿಮಿಷ ನಾನು ನೆಲದ ಮೇಲೆ ಪಕ್ಕದಲ್ಲೇ ಕೂರುತ್ತೇನೆ. ಕೈಯಲ್ಲಿ ಫೋನ್ ಇರುವುದಿಲ್ಲ. ಹಲ್ಲು ಎಲ್ಲಿ ಹಿಡಿಯುತ್ತಿದೆ, ಹೊಲಿಗೆ ಬಿಡುತ್ತಿದೆಯಾ, ಮೂಲೆ ಕಿತ್ತು ಬರುತ್ತಿದೆಯಾ ಅಂತ ನೋಡುತ್ತೇನೆ. ಆ 20 ನಿಮಿಷದಲ್ಲಿ ಚೂರು ಎದ್ದರೆ ಅದು ಬ್ರೂನೋಗೆ ಇಲ್ಲ, ಎಷ್ಟೇ ದುಡ್ಡು ಕೊಟ್ಟಿರಲಿ.

ಗಟ್ಟಿ ಇರುವುದೇ ಒಳ್ಳೆಯದು ಅಂತ ಒಮ್ಮೆ ಅನ್ನಿಸಿತ್ತು. ಹರಿಯದ ವಸ್ತು ಕೊಟ್ಟರೆ ನುಂಗುವ ಭಯ ಇಲ್ಲವಲ್ಲ. ಪರಿಚಯದವರೊಬ್ಬರ ಜರ್ಮನ್ ಶೆಫರ್ಡ್ ಒಣಗಿಸಿದ ಹಸುವಿನ ಗೊರಸು ಕಡಿದು ಹಲ್ಲು ಮುರಿದುಕೊಂಡ ಮೇಲೆ ಆ ಯೋಚನೆಯೂ ಹೋಯಿತು. ಬೆಳೆದ ನಾಯಿಗೆ 42 ಹಲ್ಲು. ಅದರಲ್ಲಿ ಮೇಲಿನ ದವಡೆಯ ಎರಡೂ ಬದಿಗೆ, ಕೆನ್ನೆಯ ಒಳಗೆ, ಒಂದೊಂದು ದೊಡ್ಡ ಹಲ್ಲಿದೆ. ಕಡಿಯುವ ಭಾರವೆಲ್ಲ ಅದರ ಮೇಲೆ. ಗೊರಸು, ಕೊಂಬು, ಗಟ್ಟಿ ನೈಲಾನ್, ಮೂಳೆ ಇಂಥದ್ದನ್ನು ಕಡಿದಾಗ ಆ ಹಲ್ಲಿನ ಹೊರಬದಿ ಚಕ್ಕೆಯ ಹಾಗೆ ಎದ್ದು ಬರುತ್ತದೆ. ಒಳಗಿನ ನರ ಬಯಲಾಗುತ್ತದೆ. ನಾಯಿ ಹೇಳಿಕೊಳ್ಳುವುದಿಲ್ಲ, ಒಂದೇ ಬದಿಯಲ್ಲಿ ಅಗಿಯುತ್ತಾ ಕಾಲ ತಳ್ಳುತ್ತದೆ. ಬೇಯಿಸಿದ ಮೂಳೆಯದ್ದು ಇನ್ನೊಂದು ತೊಂದರೆ, ಸೂಜಿಯ ಹಾಗೆ ಸಿಗಿದು ಕರುಳಿಗೆ ಚುಚ್ಚಿಕೊಳ್ಳುತ್ತದೆ.

ಹಾಗಾಗಿ ಅಂಗಡಿಯಲ್ಲೇ ಹೆಬ್ಬೆರಳ ಉಗುರು ಒತ್ತಿ ನೋಡುತ್ತೇನೆ. ಸ್ವಲ್ಪ ಗುರುತು ಬೀಳಬೇಕು. ಅನುಮಾನ ಇದ್ದರೆ ಅದನ್ನು ಮಂಡಿಚಿಪ್ಪಿಗೆ ಮೆಲ್ಲಗೆ ಬಡಿದುಕೊಳ್ಳುತ್ತೇನೆ. ನನ್ನ ಮಂಡಿಗೆ ನೋವಾದರೆ ಅವನ ಹಲ್ಲಿಗೂ ಅದು ಬೇಡ. ಆಮೇಲೆ ಮೂಸಿ ನೋಡುತ್ತೇನೆ. ಪೆಟ್ರೋಲಿನ ಹಾಗೆ ಘಾಟು ಹೊಡೆಯುವ ಪ್ಲಾಸ್ಟಿಕ್ ತರುವುದಿಲ್ಲ. ಬ್ಯಾಟರಿ ಹಾಕಿದ, ಲೈಟ್ ಮಿನುಗುವ ಆಟಿಕೆಯೂ ಬೇಡ. ಬಟನ್ ಬ್ಯಾಟರಿ ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ. ಕೀಂಕೀಂ ಅನ್ನುವ ಗೊಂಬೆ ಇಬ್ಬರಿಗೂ ಇಷ್ಟ, ಆದರೆ ಒಳಗಿನ ಪೀಪಿ ಬ್ರೂನೋ ಎರಡೇ ನಿಮಿಷದಲ್ಲಿ ಹೊರಗೆ ತೆಗೆಯುತ್ತಾನೆ. ಅದನ್ನು ನಾನಿದ್ದಾಗ ಮಾತ್ರ ಕೊಡುತ್ತೇನೆ.

ನಮ್ಮ ಕಡೆ ಚೆಂಡಿಗೆ ಬರವಿಲ್ಲ. ಬೀದಿ ಹುಡುಗರ ಕ್ರಿಕೆಟ್‌ನಿಂದ ವಾರಕ್ಕೊಂದು ಟೆನಿಸ್ ಬಾಲ್ ಕಾಂಪೌಂಡಿಗೆ ಬೀಳುತ್ತದೆ. ಅದನ್ನು ತಕ್ಷಣ ವಾಪಸ್ ಎಸೆಯುತ್ತೇನೆ. ಅದರ ಮೇಲಿನ ಉಣ್ಣೆಯಂಥ ಹೊದಿಕೆ ಮಣ್ಣು ಹಿಡಿದುಕೊಂಡು ಮರಳುಕಾಗದದ ಹಾಗೆ ಹಲ್ಲು ತೇಯುತ್ತದೆ. ಅದಕ್ಕಿಂತ ಭಯ ಏನೆಂದರೆ, ದೊಡ್ಡ ನಾಯಿ ಅದನ್ನು ಅಮುಕಿದಾಗ ಚಪ್ಪಟೆಯಾಗಿ ಗಂಟಲಿಗೆ ಜಾರಿ ಅಲ್ಲಿ ಮತ್ತೆ ಉಬ್ಬುತ್ತದೆ. ಉಸಿರು ನಿಲ್ಲಲು ಜಾಸ್ತಿ ಹೊತ್ತು ಬೇಡ. ಬಾಲ್ ಹಿಂದಿನ ದವಡೆ ಹಲ್ಲನ್ನು ದಾಟಿ ಒಳಗೆ ಹೋಗದಷ್ಟು ದೊಡ್ಡದಿರಬೇಕು. ಎರಡು ನಾಯಿ ಇದ್ದರೆ ದೊಡ್ಡ ನಾಯಿಯ ಅಳತೆಗೇ ತರಬೇಕು. ನಾನು ತಂದದ್ದು ನೀಲಿ ರಬ್ಬರ್ ಚೆಂಡು. ನಾಯಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತದೆ, ಹಸಿರು ಹುಲ್ಲಿನಲ್ಲಿ ಕೆಂಪು ಚೆಂಡು ಸುಲಭಕ್ಕೆ ಬೇರೆ ಕಾಣುವುದಿಲ್ಲ. ಟೊಳ್ಳಾದ ರಬ್ಬರ್ ಆಟಿಕೆಗೆ ಒಂದೇ ತೂತು ಇದ್ದರೆ ಬೇಡ. ನಾಲಿಗೆ ಒಳಗೆ ಹೋಗಿ ಗಾಳಿ ಎಳೆದುಕೊಂಡು ಸಿಕ್ಕಿಬೀಳುತ್ತದೆ. ಎರಡು ತೂತು ಇರಲೇಬೇಕು.

ಕೊನೆಗೆ ನಮ್ಮ ಮನೆಗೆ ಹೊಂದಿದ್ದು ಕಾಂಗ್ ಅನ್ನುವ ಟೊಳ್ಳು ರಬ್ಬರ್ ಆಟಿಕೆ. ಅಮೆರಿಕದ ಕೊಲೊರಾಡೊದಲ್ಲಿ ಜೋ ಮಾರ್ಕಮ್ ಅನ್ನುವವರು 1970ರ ದಶಕದಲ್ಲಿ ಮಾಡಿದ್ದು. ಅವರ ಜರ್ಮನ್ ಶೆಫರ್ಡ್ ಕಲ್ಲು ಕಡಿದು ಹಲ್ಲು ಹಾಳುಮಾಡಿಕೊಳ್ಳುತ್ತಿತ್ತಂತೆ. ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡುವಾಗ ತೆಗೆದುಹಾಕಿದ ಒಂದು ರಬ್ಬರ್ ಭಾಗವನ್ನು ಅದು ಬಿಡದೆ ಕಡಿಯಿತಂತೆ. ಆ ಆಕಾರವೇ ಇವತ್ತಿನ ಆಟಿಕೆ. ಪರಿಹಾರ ತೋರಿಸಿದ್ದು ನಾಯಿಯೇ ಅನ್ನುವುದು ನನಗೆ ತುಂಬಾ ಹಿಡಿಸಿತು.

ಅದರೊಳಗೆ ನಾನು ತುಂಬುವುದು ಮೊಸರನ್ನ. ಉಪ್ಪಿಲ್ಲ, ಒಗ್ಗರಣೆ ಇಲ್ಲ. ಅನ್ನ ಚೆನ್ನಾಗಿ ಮಸೆದು, ಬೇಯಿಸಿದ ಕ್ಯಾರೆಟ್ಟೋ ಸಿಹಿಗುಂಬಳವೋ ಸೇರಿಸಿ, ಸಣ್ಣ ತೂತಿಗೆ ಒಂದು ಕ್ಯಾರೆಟ್ ತುಂಡು ಸಿಕ್ಕಿಸಿ, ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಡುತ್ತೇನೆ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಕೊಟ್ಟರೆ ಬ್ರೂನೋ ಅದನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ಅರ್ಧ ಗಂಟೆ ನೆಕ್ಕುತ್ತಾನೆ. ಬಾಗಿಲ ಹತ್ತಿರ ಬಂದು ಅಳುವುದು ನಿಂತಿತು. ಕಡ್ಲೆಬೀಜದ ಬೆಣ್ಣೆ ಹಾಕುವುದಿದ್ದರೆ ಮನೆಯಲ್ಲೇ ಹುರಿದು ರುಬ್ಬುತ್ತೇನೆ. ಅಂಗಡಿಯದ್ದರಲ್ಲಿ ಸಕ್ಕರೆ ಬದಲು ಜೈಲಿಟಾಲ್ ಹಾಕಿದ್ದರೆ ಸ್ವಲ್ಪವೇ ಸಾಕು, ನಾಯಿಯ ಪ್ರಾಣಕ್ಕೇ ಬರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿಯೂ ಬೇಡ.

ಅಮ್ಮನಿಗೆ ಇದೆಲ್ಲ ಅತಿ ಅನ್ನಿಸುತ್ತದೆ. "ಊರಲ್ಲಿ ನಮ್ಮ ನಾಯಿಗಳು ಎಳನೀರು ಬುರುಡೆ ಕಡ್ಕೊಂಡೇ ಬೆಳೀಲಿಲ್ವೇನೇ?" ಅಂತಾರೆ. ಬೆಳೆದವು, ನಿಜ. ಹೊಟ್ಟೆ ಉಬ್ಬಿ ಎರಡು ದಿನದಲ್ಲಿ ಸತ್ತವೂ ಇದ್ದವು, ಯಾಕೆ ಅಂತ ಯಾರೂ ನೋಡಲಿಲ್ಲ. ತೆಂಗಿನ ನಾರು, ಮುಸುಕಿನ ಜೋಳದ ದಿಂಡು, ಮಾವಿನ ವಾಟೆ ಇವು ಮೂರೂ ನಾಯಿಯ ಹೊಟ್ಟೆಯಲ್ಲಿ ಕರಗುವುದಿಲ್ಲ. ಏಪ್ರಿಲ್, ಮೇ ಬಂದರೆ ನಮ್ಮ ಮನೆಯಲ್ಲಿ ರಸಪುರಿ ತಿನ್ನುವಾಗ ವಾಟೆಗೆ ಮುಚ್ಚಳ ಇರುವ ಡಬ್ಬ ಪಕ್ಕದಲ್ಲೇ ಇರಬೇಕು. ಈಗ ಅಮ್ಮನೇ ಅದನ್ನು ತಂದಿಡುತ್ತಾರೆ.

ಒಬ್ಬ ಗೆಳತಿ ಪ್ರೀತಿಯಿಂದ ಚನ್ನಪಟ್ಟಣದ ಗಿಲಕಿ ತಂದುಕೊಟ್ಟಳು. ಅರಗಿನ ಬಣ್ಣ ತಾನೇ, ಏನೂ ಆಗಲ್ಲ ಅಂದಳು. ಬಣ್ಣದ ಮಾತು ಸರಿ. ಆದರೆ ಅದನ್ನು ಮಾಡುವ ಹಾಲೆ ಮರ ಮೆತ್ತನೆ ಮರ, ಕೋರೆಹಲ್ಲು ಇಳಿದರೆ ಸಿಬರು ಏಳುತ್ತದೆ. ಅದನ್ನು ಶೋಕೇಸ್‌ನಲ್ಲಿ ಇಟ್ಟಿದ್ದೇನೆ. ದಾರಿಯ ಕೋಲನ್ನೂ ಎಸೆದು ಆಡಿಸುವುದಿಲ್ಲ. ಓಡುತ್ತಾ ಹಿಡಿದಾಗ ಗಂಟಲಿಗೆ ಚುಚ್ಚಿಕೊಳ್ಳಬಹುದು.

ಚಿನ್ನಿಗೆ ಚೂರು ಮಾಡುವ ಆಸೆ ತೀರಬೇಕಲ್ಲ, ಅವಳಿಗೆ ರಟ್ಟಿನ ಡಬ್ಬ. ಟೇಪು, ಪಿನ್ನು ಎಲ್ಲ ಕಿತ್ತು, ಒಳಗೆ ನಾಲ್ಕು ಕಾಳು ತಿಂಡಿ ಹಾಕಿ ಮಡಿಚಿ ಕೊಡುತ್ತೇನೆ. ಖರ್ಚಿಲ್ಲ. ಹಲ್ಲು ಬರುವ ಮರಿ ಮನೆಗೆ ಬಂದರೆ, ಅಂದರೆ ನಾಲ್ಕರಿಂದ ಆರೇಳು ತಿಂಗಳ ಮರಿ, ಒದ್ದೆ ಟವೆಲ್ ತಿರುಚಿ ಫ್ರೀಜರ್‌ನಲ್ಲಿಟ್ಟು ಕೊಡುತ್ತೇನೆ, ಅದೂ ಎದುರಿಗೆ ಕೂತು. ಒಸಡಿನ ನೋವಿಗೆ ತಂಪು ಹಿತವಾಗುತ್ತದೆ. ಹಳೆ ಚಪ್ಪಲಿ ಮಾತ್ರ ಯಾವ ಮರಿಗೂ ಕೊಡುವುದಿಲ್ಲ. ಹಳತು, ಹೊಸತು ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಎಲ್ಲ ಆಟಿಕೆ ಒಟ್ಟಿಗೆ ಹರಡುವುದಿಲ್ಲ. ಮೂರು ಹೊರಗೆ, ಉಳಿದದ್ದು ಬುಟ್ಟಿಯಲ್ಲಿ. ಭಾನುವಾರ ಬಿಸಿನೀರಲ್ಲಿ ತೊಳೆದು ಬದಲಾಯಿಸುತ್ತೇನೆ, ವಾರದ ಮೇಲೆ ಕಂಡದ್ದು ಅವರಿಗೆ ಹೊಸದೇ. ತೊಳೆಯುವಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ಬೆರಳಾಡಿಸುತ್ತೇನೆ. ಹೋದ ಭಾನುವಾರ ನೀಲಿ ಚೆಂಡಿನ ಅಂಚಿನಲ್ಲಿ ಹುಣಸೆಬೀಜದಷ್ಟು ತುಂಡು ಇರಲಿಲ್ಲ. ಬ್ರೂನೋನ ಹಾಸಿಗೆ ಕೊಡವಿದೆ, ಸೋಫಾ ಸರಿಸಿದೆ, ಪೊರಕೆ ಹಾಕಿ ಗುಡಿಸಿದೆ. ತುಂಡು ಸಿಕ್ಕಿತು. ಚೆಂಡಿನ ಆ ಜಾಗಕ್ಕೆ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಎರಡನ್ನೂ ಕಸಕ್ಕೆ ಹಾಕಿ, ಅದೇ ಅಳತೆಯ ಇನ್ನೊಂದು ಚೆಂಡು ತಂದೆ.