ಟಿಕ್ ಅಂತ ಮುಚ್ಚುವ ಕ್ರೋಶಾ ಹ್ಯಾಂಡ್‌ಬ್ಯಾಗ್

1940ರ ದಶಕದ ಕ್ರೋಶಾ ಹ್ಯಾಂಡ್‌ಬ್ಯಾಗ್‌ಗಳನ್ನು ಚಿತ್ರಗಳಲ್ಲಾದರೂ ನೀವು ನೋಡಿರುತ್ತೀರಿ. ಮೇಲೆ ಲೋಹದ್ದೋ ಪ್ಲಾಸ್ಟಿಕ್‌ನದ್ದೋ ಫ್ರೇಮ್, ಎರಡು ಗುಂಡು ಒಂದನ್ನೊಂದು ದಾಟಿ ಟಿಕ್ ಅಂತ ಕೂರುವ ಬಾಯಿ, ಮೈತುಂಬಾ ಉಬ್ಬು ಹೆಣಿಗೆ. ಎರಡನೇ ಮಹಾಯುದ್ಧದ ಕಾಲ ಅದು. ಚರ್ಮ, ಲೋಹ ಮೊದಲು ಸೈನ್ಯಕ್ಕೆ ಹೋಗುತ್ತಿತ್ತು. ಅಮೆರಿಕದ ನೂಲಿನ ಕಂಪನಿಗಳು ಸಣ್ಣ ಸಣ್ಣ ಮಾದರಿ ಪುಸ್ತಕ ಅಚ್ಚು ಹಾಕಿದವು. ಹೆಂಗಸರು ಅದನ್ನು ನೋಡಿಕೊಂಡು ಮನೆಯಲ್ಲೇ ಬ್ಯಾಗ್ ಹೆಣೆದುಕೊಂಡರು. ಅವುಗಳಲ್ಲಿ ಎಷ್ಟೋ ಇವತ್ತಿಗೂ ಆಕಾರ ಕೆಡದೆ ಉಳಿದಿವೆ.

ಅದಕ್ಕೆ ಕಾರಣ ಬಿಗಿಯಾದ ಹೆಣಿಗೆ ಮತ್ತು ಒಳಗಿನ ಲೈನಿಂಗ್. ಈಗ ಬ್ಯಾಗ್ ಹೆಣೆಯುವವರು ಬಹಳ ಜನ, ಆದರೆ ಮೊಬೈಲ್ ಹಾಕಿದ ತಕ್ಷಣ ಅದು ಜೋತು ಬೀಳುತ್ತದೆ. ಕೈಕೆಲಸ ಚೆನ್ನಾಗಿಯೇ ಇರುತ್ತದೆ, ಕಡ್ಡಿ ಮಾತ್ರ ನೂಲಿಗೆ ದಪ್ಪವಾಗಿರುತ್ತದೆ. ಬಾಗಿಲ ತೋರಣ, ಟಿವಿ ಕವರ್ ಹೆಣೆದು ಅಭ್ಯಾಸ ಇದ್ದರೆ ಈ ಬ್ಯಾಗ್‌ಗೆ ಬೇರೆ ಏನೂ ಕಲಿಯಬೇಕಾಗಿಲ್ಲ.

ಬೇಕಾಗುವ ಸಾಮಾನು

8 ಪ್ಲೈ ಹತ್ತಿ ನೂಲು 150 ಗ್ರಾಂ. ಉಣ್ಣೆ ಬೇಡ, ಅದು ಹಿಗ್ಗುತ್ತದೆ. ಸ್ವಲ್ಪ ಹೊಳಪಿರುವ ಮರ್ಸರೈಸ್ಡ್ ನೂಲು ಸಿಕ್ಕರೆ ಹಳೆಯ ಕಾಲದ ಕಳೆ ತಾನಾಗಿ ಬರುತ್ತದೆ. ಕಪ್ಪು, ಮರೂನ್, ಬಾಟಲ್ ಗ್ರೀನ್, ಕೆನೆಬಣ್ಣ ಇದಕ್ಕೆ ಚೆನ್ನಾಗಿ ಒಪ್ಪುತ್ತವೆ.

ಈ ನೂಲಿಗೆ ಸಾಮಾನ್ಯವಾಗಿ 4 ಮಿ.ಮೀ. ಕಡ್ಡಿ ಬಳಸುತ್ತಾರೆ. ನೀವು 3 ಮಿ.ಮೀ. ತಗೊಳ್ಳಿ. ಕೈಗೆ ಸ್ವಲ್ಪ ಕಷ್ಟವಾಗುತ್ತದೆ ನಿಜ, ಆದರೆ ಬ್ಯಾಗ್ ನಿಲ್ಲುವುದು ಇದರಿಂದಲೇ. ಕಡ್ಡಿಯ ನಂಬರ್ ನಂಬಬೇಡಿ, ಮಿ.ಮೀ. ನೋಡಿ. ಲೇಸ್ ಹೆಣೆಯುವ ಸ್ಟೀಲ್ ಕಡ್ಡಿಗಳಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ.

ಇನ್ನು ಅಂಚಿನಲ್ಲಿ ತೂತುಗಳಿರುವ 20 ಸೆಂ.ಮೀ. ಅಗಲದ ಪರ್ಸ್ ಫ್ರೇಮ್. ಅಂಟು ಹಾಕಿ ಕೂರಿಸುವ ಫ್ರೇಮೂ ಬರುತ್ತದೆ, ಆದರೆ ದಿನಾ ಬಳಸುವ ಬ್ಯಾಗಿಗೆ ಹೊಲಿಯುವುದೇ ವಾಸಿ. ಬೆಂಗಳೂರಿನವರು ಚಿಕ್ಕಪೇಟೆ ಕಡೆಯ ಲೇಸು, ಗುಂಡಿ ಮಾರುವ ಅಂಗಡಿಗಳಲ್ಲಿ ವಿಚಾರಿಸಬಹುದು. ಆನ್‌ಲೈನ್‌ನಲ್ಲೂ ಸಿಗುತ್ತದೆ. ಲೈನಿಂಗ್‌ಗೆ ಬಟ್ಟೆ ಕೊಳ್ಳಬೇಡಿ. ಅರಿಶಿನ ಕುಂಕುಮಕ್ಕೆ ಹೋದಾಗ ಕೊಟ್ಟ ಬ್ಲೌಸ್ ಪೀಸ್‌ಗಳು ಬೀರುವಿನಲ್ಲಿ ಇದ್ದೇ ಇರುತ್ತವೆ ಅಲ್ವಾ?

ಮೊದಲು ಒಂದು ತುಂಡು ಹೆಣೆದು ಅಳತೆ ನೋಡಿ. 10 ಸೆಂ.ಮೀ.ಗೆ 20 ಸಿಂಗಲ್ ಕ್ರೋಶಾ ಬರಬೇಕು. ತುಂಡನ್ನು ಬೆಳಕಿಗೆ ಹಿಡಿದಾಗ ತೂತು ಎದ್ದು ಕಂಡರೆ ಇನ್ನೂ ಸಣ್ಣ ಕಡ್ಡಿ ಬೇಕು. ಇನ್ನೊಂದು ಮಾತು: ಹಳೆಯ ಬ್ರಿಟಿಷ್ ಮಾದರಿಗಳಲ್ಲಿ ಡಬಲ್ ಕ್ರೋಶಾ ಎಂದು ಬರೆದಿರುವುದು ಅಮೆರಿಕದವರ ಸಿಂಗಲ್ ಕ್ರೋಶಾ. ಇಲ್ಲಿ ಅಮೆರಿಕದ ಹೆಸರುಗಳನ್ನೇ ಬಳಸಿದ್ದೇನೆ.

ತಳ

31 ಚೈನ್ ಹಾಕಿ. ಕಡ್ಡಿಯಿಂದ ಎರಡನೇ ಚೈನ್‌ನಲ್ಲಿ ಶುರು ಮಾಡಿ 29 ಸಿಂಗಲ್ ಕ್ರೋಶಾ, ಕೊನೆಯ ಚೈನ್‌ನಲ್ಲಿ 3. ಹಾಗೇ ತಿರುಗಿ ಚೈನ್‌ನ ಇನ್ನೊಂದು ಮಗ್ಗುಲಲ್ಲಿ 28, ಕೊನೆಗೆ ಶುರು ಮಾಡಿದ ಚೈನ್‌ನಲ್ಲೇ 2. ಒಟ್ಟು 62. ಮುಂದಿನ ಪ್ರತಿ ಸುತ್ತಿನಲ್ಲೂ ಎರಡೂ ತುದಿಗಳಲ್ಲಿ ಮೂರು ಮೂರು ಹೊಲಿಗೆ ಹೆಚ್ಚಿಸುತ್ತಾ ಹೋಗಿ: 68, 74, 80, 86, 92. ಆರು ಸುತ್ತಿಗೆ ಸುಮಾರು 20 ಸೆಂ.ಮೀ. ಉದ್ದದ ಮೊಟ್ಟೆಯಾಕಾರದ ತಳ ಸಿದ್ಧ. ಸುತ್ತು ಶುರುವಾಗುವ ಜಾಗಕ್ಕೆ ಬೇರೆ ಬಣ್ಣದ ದಾರ ಕಟ್ಟಿಕೊಳ್ಳಿ, ಲೆಕ್ಕ ತಪ್ಪುವುದಿಲ್ಲ.

ಮೈ

ಏಳನೇ ಸುತ್ತನ್ನು ಪ್ರತಿ ಹೊಲಿಗೆಯ ಹಿಂದಿನ ಎಳೆಗೆ ಮಾತ್ರ ಕಡ್ಡಿ ಹಾಕಿ ಹೆಣೆಯಿರಿ. ತಳ ಮತ್ತು ಮೈ ಸೇರುವಲ್ಲಿ ಸ್ಪಷ್ಟವಾದ ಅಂಚು ಏಳುತ್ತದೆ. ಇಲ್ಲಿಂದ ಮುಂದೆ ಹೆಚ್ಚಿಸುವುದಿಲ್ಲ, 92 ಹೊಲಿಗೆಯೇ. ಇನ್ನೂ ಎರಡು ಸಾದಾ ಸುತ್ತು ಆದ ಮೇಲೆ ಉಬ್ಬಿನ ಸುತ್ತು.

ಈ ಉಬ್ಬಿಗೆ ಪಾಪ್‌ಕಾರ್ನ್ ಅನ್ನುತ್ತಾರೆ. ಮೂರು ಸಿಂಗಲ್ ಕ್ರೋಶಾ ಹಾಕಿ. ನಾಲ್ಕನೆಯದರಲ್ಲಿ ಒಂದೇ ಹೊಲಿಗೆಯೊಳಗೆ ಐದು ಡಬಲ್ ಕ್ರೋಶಾ. ಈಗ ಕುಣಿಕೆಯನ್ನು ಸ್ವಲ್ಪ ಉದ್ದ ಎಳೆದು ಕಡ್ಡಿ ಹೊರಗೆ ತೆಗೆಯಿರಿ. ಐದರಲ್ಲಿ ಮೊದಲನೆಯದರ ತಲೆಗೆ ಮುಂದಿನಿಂದ ಕಡ್ಡಿ ತೂರಿಸಿ, ಬಿಟ್ಟ ಕುಣಿಕೆಯನ್ನು ಹಿಡಿದು ಆ ತಲೆಯೊಳಗಿಂದ ಎಳೆಯಿರಿ. ಐದೂ ಒಟ್ಟಿಗೆ ಮುದುಡಿ ಹೊರಗೆ ಉಬ್ಬುತ್ತವೆ. ದಾರವನ್ನು ಜಗ್ಗಿ ಬಿಗಿ ಮಾಡಿ ಮುಂದೆ ಹೋಗಿ. ಒಂದು ಸುತ್ತಿಗೆ 23 ಉಬ್ಬು ಬರುತ್ತವೆ. ಮೇಲಿನ ಸುತ್ತಿನಲ್ಲಿ ಪ್ರತಿ ಉಬ್ಬಿನ ತಲೆಗೆ ಒಂದೇ ಸಿಂಗಲ್ ಕ್ರೋಶಾ, ಇಲ್ಲದಿದ್ದರೆ ಸಂಖ್ಯೆ ಬೆಳೆದುಬಿಡುತ್ತದೆ.

ಮೂರು ಸಾದಾ ಸುತ್ತು, ಒಂದು ಉಬ್ಬಿನ ಸುತ್ತು. ಪ್ರತಿ ಸಲ ಉಬ್ಬನ್ನು ಎರಡು ಹೊಲಿಗೆ ಪಕ್ಕಕ್ಕೆ ಸರಿಸಿ. ಮೈ 14 ಸೆಂ.ಮೀ. ಎತ್ತರ ಬರುವ ತನಕ ಹೀಗೇ.

ಬಾಯಿ

ಇಲ್ಲಿ ಅವಸರ ಬೇಡ. ಸುತ್ತು ಹೆಣೆಯುವಾಗ ಹೊಲಿಗೆಗಳು ಸ್ವಲ್ಪ ಸ್ವಲ್ಪವೇ ಒಂದು ಕಡೆಗೆ ವಾಲುತ್ತಾ ಬಂದಿರುತ್ತವೆ. ಹಾಗಾಗಿ ಶುರುವಿನ ಗುರುತು ಈಗ ಬ್ಯಾಗಿನ ಮಗ್ಗುಲಲ್ಲಿ ಇರುವುದಿಲ್ಲ. ಬ್ಯಾಗನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ತಳದ ಎರಡು ತುದಿಗಳಿಗೆ ನೇರವಾಗಿ ಮೇಲೆ ಹೊಸದಾಗಿ ಪಿನ್ನು ಚುಚ್ಚಿ. ಎರಡೂ ಕಡೆ 46 ಇರಬೇಕು. ಇದನ್ನು ಬಿಟ್ಟರೆ ಫ್ರೇಮ್ ಸೊಟ್ಟಗೆ ಕೂತು, ಇಡೀ ಬ್ಯಾಗ್ ತಿರುಚಿದ ಹಾಗೆ ಕಾಣುತ್ತದೆ.

ಈಗ ಒಂದೊಂದು ಬದಿಯ 46 ಹೊಲಿಗೆಯನ್ನು ಬೇರೆ ಬೇರೆಯಾಗಿ, ಹಿಂದಕ್ಕೂ ಮುಂದಕ್ಕೂ ಸಾದಾ ಸಾಲುಗಳಲ್ಲಿ ಹೆಣೆಯಿರಿ. ಎಷ್ಟು ಎತ್ತರ? ಫ್ರೇಮ್‌ನ ಕೀಲಿನಿಂದ ಮೇಲಿನ ಮೂಲೆಯವರೆಗೆ ಎಷ್ಟಿದೆಯೋ ಅಷ್ಟು. ಒದ್ದೆ ಬಟ್ಟೆ ಹಾಸಿ ಮೇಲಿಂದ ಮೆಲ್ಲಗೆ ಇಸ್ತ್ರಿ ಮಾಡಿ. ಉಬ್ಬುಗಳ ಮೇಲೆ ಒತ್ತಬೇಡಿ.

ಲೈನಿಂಗ್

ಬ್ಯಾಗನ್ನೇ ಬಟ್ಟೆಯ ಮೇಲಿಟ್ಟು ಗೆರೆ ಎಳೆದು, ಸುತ್ತ ಒಂದೂವರೆ ಸೆಂ.ಮೀ. ಬಿಟ್ಟು ಕತ್ತರಿಸಿ. ಟೈಲರ್‌ಗಳು ಕಾಲರ್‌ಗೆ ಹಾಕುವ ಕ್ಯಾನ್ವಾಸ್ ಅನ್ನು ಬಟ್ಟೆಯ ಹಿಂದೆ ಇಸ್ತ್ರಿ ಮಾಡಿ ಅಂಟಿಸಿ. ಚೀಲ ಹೊಲಿಯುವಾಗ ಎರಡೂ ಮಗ್ಗುಲಲ್ಲಿ ಕೀಲಿನ ತನಕ ಸೀಳು ಬಿಡಿ. ತಳಕ್ಕೆ ಹಳೆಯ ಪ್ಲಾಸ್ಟಿಕ್ ಫೈಲ್‌ನಿಂದ ಒಂದು ತುಂಡು ಕತ್ತರಿಸಿ ಹಾಕಿ. ಲೈನಿಂಗ್ ಒಳಗಿಳಿಸಿ, ಅಂಚು ಮಡಚಿ ಬ್ಯಾಗಿನ ಬಾಯಿಗೆ ಕೈಹೊಲಿಗೆ ಹಾಕಿ.

ಫ್ರೇಮ್

ನಮ್ಮ ಹೆಣಿಗೆ 23 ಸೆಂ.ಮೀ., ಫ್ರೇಮ್ 20. ಈ ವ್ಯತ್ಯಾಸ ಬೇಕೆಂದೇ ಇಟ್ಟದ್ದು. ಬಾಯಿಯ ಹತ್ತಿರ ಸಣ್ಣ ನೆರಿಗೆ ಬಂದು ಬ್ಯಾಗ್ ಕೆಳಗೆ ತುಂಬಿಕೊಂಡಂತೆ ಕಾಣುತ್ತದೆ. ಮೊದಲು ನಡುಮಧ್ಯ, ಎರಡು ಮೂಲೆ, ಎರಡು ಕೀಲು, ಹೀಗೆ ಐದು ಕಡೆ ಸುಮ್ನೆ ದಾರ ಕಟ್ಟಿ ನಿಲ್ಲಿಸಿ. ಆಮೇಲೆ ಗಟ್ಟಿ ನೈಲಾನ್ ದಾರವನ್ನು ಎರಡೆಳೆ ಮಾಡಿ, ಮಧ್ಯದಿಂದ ಒಂದು ಕಡೆಗೆ, ಮತ್ತೆ ಮಧ್ಯದಿಂದ ಇನ್ನೊಂದು ಕಡೆಗೆ ಹೊಲಿಯಿರಿ. ಒಂದು ತೂತಿನಲ್ಲಿ ಹೊರಗೆ ಬಂದು, ಹಿಂದಿನ ತೂತಿನಲ್ಲಿ ಒಳಗೆ ಹೋಗುವ ಹಿಮ್ಮುಖ ಹೊಲಿಗೆ. ಹೊರಗೆ ಬರುವಾಗಲೆಲ್ಲ ಒಂದೊಂದು ಸಣ್ಣ ಮಣಿ ಪೋಣಿಸಿದರೆ ತೂತು ಮುಚ್ಚುತ್ತದೆ, ನೋಡಲಿಕ್ಕೂ ಚೆಂದ. ಒಂದು ಬದಿ ಆದ ತಕ್ಷಣ ಫ್ರೇಮ್ ತೆರೆದು ಮುಚ್ಚಿ ನೋಡಿ. ಕೀಲಿನಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಒಂದೆರಡು ಹೊಲಿಗೆ ಬಿಚ್ಚಿ ಕೆಳಗಿಳಿಸಿ.

ಹಿಡಿಕೆಗೆ ಆರು ಹೊಲಿಗೆ ಅಗಲ, 35 ಸೆಂ.ಮೀ. ಉದ್ದದ ಪಟ್ಟಿ ಸಾಕು. ಕ್ರೋಶಾ ಪಟ್ಟಿ ಭಾರಕ್ಕೆ ಉದ್ದವಾಗುತ್ತದೆ. ಅದಕ್ಕೇ ಒಳಗೆ ಲಂಗದ ಲಾಡಿ ಇಟ್ಟು, ಮಡಚಿ ಹೊಲಿಯಿರಿ. ಫ್ರೇಮ್‌ನ ಬಳೆಗಳಿಗೆ ಪಟ್ಟಿಯ ಜೊತೆ ಲಾಡಿಯನ್ನೂ ಸೇರಿಸಿ ಹೊಲಿದರೆ ಭಾರ ಹೊರುವುದು ಲಾಡಿಯೇ.

ಕೊಳೆಯಾದರೆ ವಾಷಿಂಗ್ ಮಷಿನ್‌ಗೆ ಹಾಕಬೇಡಿ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಳಗೆ ಪೇಪರ್ ತುಂಬಿ ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ಫ್ರೇಮ್ ಒದ್ದೆಯಾದರೆ ಆಗಲೇ ಒರೆಸಿಬಿಡಿ. ತುಕ್ಕು ಹಿಡಿದರೆ ಕಲೆ ನೂಲಿಗೂ ಇಳಿಯುತ್ತದೆ, ಮತ್ತೆ ಹೋಗುವುದು ಕಷ್ಟ.