ಕಕ್ಕಡದ ಮಳೆಯಲ್ಲಿ ಈ ಕುರ್ಚಿ ಎಲ್ಲಿರುತ್ತದೆ?

ಡಿಸೆಂಬರ್‌ನಲ್ಲಿ ಅಂಗಡಿಗೆ ಹೋಗಿ ಕುರ್ಚಿ ನೋಡುವಾಗ ಮಳೆ ಯಾರಿಗೂ ನೆನಪಿರುವುದಿಲ್ಲ. ಬಿಸಿಲು ಹಿತವಾಗಿರುತ್ತದೆ, ಸುಗ್ಗಿಯ ಹಬ್ಬ ಪುತ್ತರಿಯ ಸಡಗರ ಇನ್ನೂ ಮನೆಯಲ್ಲಿರುತ್ತದೆ, ಬೆಂಗಳೂರಿನಿಂದ ಮಕ್ಕಳು ಬರುವವರಿರುತ್ತಾರೆ, ಅಂಗಳದಲ್ಲಿ ಕೂತು ಕಾಫಿ ಕುಡಿಯಲು ನಾಲ್ಕು ಒಳ್ಳೆ ಕುರ್ಚಿ ಇದ್ದರೆ ಎಷ್ಟು ಚೆಂದ ಅನಿಸುತ್ತದೆ. ನಾನೂ ಹಾಗೇ ಹೋಗಿ ಒಂದು ಬೆತ್ತದ ಸೆಟ್ ತಂದೆ. ಹೊರಗಿಟ್ಟರೂ ಏನೂ ಆಗುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರು. ಒಂದೇ ಮಳೆಗಾಲ. ಬೆತ್ತದ ಸಂದಿಯಲ್ಲೆಲ್ಲ ಬೂಷ್ಟು, ಕಾಲಿನ ಬುಡವೆಲ್ಲ ಕಪ್ಪು, ದಿಂಬಿನಿಂದ ಎಷ್ಟು ಒಣಗಿಸಿದರೂ ಹೋಗದ ಮುಗ್ಗಲು ವಾಸನೆ. ಬಹಳ ಬೇಜಾರಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ಕೊಡಗಿನಲ್ಲಿ ಹೊರಗಿನ ಫರ್ನಿಚರ್ ಆರಿಸುವುದನ್ನು ಬಣ್ಣದಿಂದಲೋ ಬೆಲೆಯಿಂದಲೋ ಶುರು ಮಾಡಬೇಡಿ. ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಇದು ಎಲ್ಲಿರುತ್ತದೆ? ಉತ್ತರ ಸಿಕ್ಕಿದರೆ ಮುಂದಿನದೆಲ್ಲ ಸುಲಭ.

ಮೊದಲು ನಿಮ್ಮ ಮಳೆಯನ್ನು ನೋಡಿ

ಕೊಡಗಿನಲ್ಲಿ ಎಲ್ಲ ಕಡೆ ಒಂದೇ ಮಳೆ ಅಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಬೀಳುತ್ತದೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಕುಶಾಲನಗರಕ್ಕೆ ಇಳಿದರೆ ಮಡಿಕೇರಿಯ ಅರ್ಧವೂ ಇಲ್ಲ. ಹಾಗಾಗಿ ಕುಶಾಲನಗರದ ಮನೆಯಲ್ಲಿ ಚೆನ್ನಾಗಿ ಬಾಳಿದ ಕುರ್ಚಿ ಭಾಗಮಂಡಲದಲ್ಲೂ ಬಾಳುತ್ತದೆ ಅಂದುಕೊಳ್ಳಬೇಡಿ. ಕುಶಾಲನಗರದ ಕಡೆಯವರು ಬಿಸಿಲು ಮತ್ತು ಗೆದ್ದಲಿನ ಬಗ್ಗೆ ಜಾಸ್ತಿ ಯೋಚಿಸಬೇಕು. ಭಾಗಮಂಡಲ, ನಾಪೋಕ್ಲು ಕಡೆಯವರು ಮಾಡಿನ ಕೆಳಗೆ ಜಾಗ ಇಲ್ಲದಿದ್ದರೆ ಮರದ ಸಾಮಾನು ಕೊಳ್ಳದೇ ಇರುವುದೇ ಒಳ್ಳೆಯದು.

ಮುಂಗಾರಿನ ಗಾಳಿ ನೈಋತ್ಯದಿಂದ ಬರುತ್ತದೆ, ಅದಕ್ಕೆ ಪಶ್ಚಿಮ ಮತ್ತು ದಕ್ಷಿಣದ ಜಗಲಿಗೆ ಎರಚಲು ಜೋರು. ಈ ಮಳೆಗಾಲದಲ್ಲಿ ಗಾಳಿ ಮಳೆ ಜೋರಾಗಿರುವ ಒಂದು ದಿನ ಜಗಲಿಯಲ್ಲಿ ನಿಂತು ನೋಡಿ, ನೆಲ ಎಲ್ಲಿಯವರೆಗೆ ನೆನೆದಿದೆಯೋ ಅಲ್ಲಿ ಗೋಡೆಯ ಮೇಲೆ ಪೆನ್ಸಿಲ್‌ನಿಂದ ಒಂದು ಗುರುತು ಹಾಕಿ. ಆ ಗುರುತಿನ ಒಳಗೆ ಎಷ್ಟು ಕುರ್ಚಿ ಹಿಡಿಯುತ್ತದೋ ಅಷ್ಟೇ ಮರದ ಕುರ್ಚಿ ತನ್ನಿ. ಉಳಿದದ್ದು ಒಂದರ ಮೇಲೊಂದು ಪೇರಿಸಿಡುವಂಥದ್ದೋ ಮಡಚುವಂಥದ್ದೋ ಆಗಿರಲಿ.

ಕಾಫಿ ಒಣಗಿಸುವ ಕಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೆಂಟರು ಬರುವುದೂ ಹೊರಗೆ ಕೂರುವ ಹವೆ ಇರುವುದೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಆಗ ಕಣ ಪೂರ್ತಿ ಕಾಫಿಯದ್ದು. ಕೂರುವ ಜಾಗ ಕಣದ ಅಂಚಿನಲ್ಲೋ ಮನೆಯ ಪಕ್ಕದಲ್ಲೋ ಬೇರೆಯೇ ಇರಬೇಕು.

ಹಳೇ ಐನ್‌ಮನೆಗೆ, ಅಂದರೆ ಕೊಡವ ಕುಟುಂಬದ ಮೂಲ ಮನೆಗೆ, ಹೋದಾಗ ಅದರ ಮುಂದಿನ ಜಗಲಿ ಕೈಯಾಲೆಯನ್ನು ಸ್ವಲ್ಪ ಗಮನಿಸಿ. ಕಂಬದಿಂದ ಕಂಬಕ್ಕೆ ದಪ್ಪ ಹಲಗೆಯ ಐಮರ ಹಾಕಿರುತ್ತಾರೆ. ಹಿರಿಯರು ಕೂರುವ ಜಾಗ ಅದು. ಮಾಡು ಅದರಿಂದಾಚೆಗೂ ಇಳಿದು ಮಳೆಯನ್ನು ದೂರ ಇಡುತ್ತದೆ. ಕೂರುವ ಜಾಗವನ್ನು ಮನೆಯ ಜೊತೆಗೇ ಕಟ್ಟಿಬಿಟ್ಟಿದ್ದರು, ಎತ್ತಿ ಒಳಗಿಡುವ ಕೆಲಸವೇ ಇಲ್ಲ. ಹೊಸ ಮನೆ ಕಟ್ಟುವವರಿಗೆ ನಾನು ಮನಸಾರೆ ಹೇಳುವುದು ಇದನ್ನೇ: ಜಗಲಿಯ ಒಂದು ಬದಿಗೆ ಉದ್ದಕ್ಕೂ ಕಟ್ಟೆ ಕಟ್ಟಿಸಿ, 16ರಿಂದ 18 ಇಂಚು ಎತ್ತರ, 18 ಇಂಚು ಅಗಲ, ಮೇಲೊಂದು ದಪ್ಪ ಹಲಗೆ ಹಾಸಿ. ಅರ್ಧದಷ್ಟು ಕುರ್ಚಿಗಳ ಖರ್ಚು ಅಲ್ಲೇ ಉಳಿಯುತ್ತದೆ.

ಅಳತೆ: ಪೇಪರ್ ಹಾಸಿ ನೋಡಿ

ಅಂಗಡಿಯಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ಸುತ್ತ ಅಷ್ಟು ದೊಡ್ಡ ಜಾಗ ಇರುವುದರಿಂದ ಹಾಗೆ. ಮನೆಗೆ ತಂದ ಮೇಲೆ ಓಡಾಡಲೂ ದಾರಿ ಇರುವುದಿಲ್ಲ. ಕೊಳ್ಳುವ ಮೊದಲು ಹಳೇ ದಿನಪತ್ರಿಕೆಗಳನ್ನು ಮೇಜು ಕುರ್ಚಿಯ ಅಳತೆಗೆ ಕತ್ತರಿಸಿ ನೆಲಕ್ಕೆ ಹಾಸಿ, ಮೇಲೆ ಕಲ್ಲಿಟ್ಟು, ಎರಡು ದಿನ ಹಾಗೇ ಬಿಟ್ಟು ಸುತ್ತ ನಡೆದಾಡಿ.

ಊಟದ ಮೇಜಾದರೆ ಒಬ್ಬರಿಗೆ 2 ಅಡಿ ಬೇಕು. ಕುರ್ಚಿ ಹಿಂದಕ್ಕೆ ಎಳೆದು ಏಳಲು ಮೇಜಿನ ಸುತ್ತ 3 ಅಡಿ ಬಿಡಿ. ಅಂದರೆ ನಾಲ್ಕು ಜನರ 3 ಅಡಿ ಚೌಕದ ಮೇಜಿಗೇ 9 ಅಡಿ ಉದ್ದ, 9 ಅಡಿ ಅಗಲದ ಜಾಗ ಹೋಗುತ್ತದೆ. ಅಷ್ಟು ಇಲ್ಲವೇ? ಊಟದ ಮೇಜು ಬಿಡಿ, ಎರಡು ಕುರ್ಚಿ, ಒಂದು ಬೆಂಚು, ನಡುವೆ ಚಿಕ್ಕ ಟೀಪಾಯಿ ಸಾಕು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೊರಗೆ ಊಟ ಮಾಡುವುದಕ್ಕಿಂತ ಕಾಫಿ ಕುಡಿಯುತ್ತಾ ಮಾತಾಡುವುದೇ ಜಾಸ್ತಿ.

ನೆಲ ಅಡಿಗೆ ಕಾಲು ಇಂಚಿನಂತೆ ಹೊರಗೆ ಇಳಿಜಾರಾಗಿರಬೇಕು. ನೀರು ನಿಲ್ಲುವ ಕಡೆ ಏನಿಟ್ಟರೂ ಹಾಳಾಗುತ್ತದೆ.

ಯಾವುದರದ್ದು ಕೊಳ್ಳುವುದು?

ಮರ ಎಂದರೆ ತೇಗ, ಇಲ್ಲವೇ ಹಲಸು. ತೇಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ನೀರಿಗೂ ಗೆದ್ದಲಿಗೂ ತಡೆಯುತ್ತದೆ. ಆದರೆ ಆ ಗುಣ ಇರುವುದು ಒಳಗಿನ ಗಟ್ಟಿ ಭಾಗವಾದ ಚೇಗಿಗೆ ಮಾತ್ರ, ಹೊರಗಿನ ಬಿಳಿ ಭಾಗಕ್ಕೆ ಇಲ್ಲ. ತೇಗ ಎಂದು ಕೊಟ್ಟ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ. ಕೆಳಗಿನ ಪಟ್ಟಿಗಳಲ್ಲಿ ಬಿಳಿ ಗೆರೆ ಕಂಡರೆ ಮೊದಲು ಕೊಳೆಯುವುದು ಅಲ್ಲೇ. ತೋಟದಲ್ಲಿ ಸಿಲ್ವರ್ ಓಕ್ ಇದೆ, ಅದರಲ್ಲೇ ಮಾಡಿಸೋಣ ಎನ್ನುವವರು ಬಹಳ ಜನ. ಒಳಗಿನ ಸಾಮಾನಿಗೆ ಆಗಬಹುದು, ಮಳೆಗೆ ನಿಲ್ಲುವ ಮರ ಅದಲ್ಲ. ಸ್ವಂತ ತೋಟದ ತೇಗ ಕಡಿಸುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು ಪಡೆಯಿರಿ. ಕುಯ್ಸಿದ ಹಲಗೆಯನ್ನು ಕೂಡಲೇ ಆಚಾರಿಗೆ ಕೊಡಬೇಡಿ. ನಡುವೆ ಪಟ್ಟಿ ಇಟ್ಟು ಪೇರಿಸಿ ನೆರಳಿನಲ್ಲಿ ಒಂದು ವರ್ಷ ಒಣಗಲಿ. ಹಸಿ ಹಲಗೆಯ ಕುರ್ಚಿ ಮೊದಲ ಬೇಸಿಗೆಯಲ್ಲೇ ಸಡಿಲವಾಗುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್‌ನದ್ದೋ ಹಿತ್ತಾಳೆಯದ್ದೋ ಇರಲಿ. ಮಾಮೂಲಿ ಕಬ್ಬಿಣದ್ದಾದರೆ ಸುತ್ತ ಕಪ್ಪು ಕಲೆ ಬಂದು ಮರವೂ ತಿಂದುಹೋಗುತ್ತದೆ.

ಕಾಲಿನ ಬುಡವೇ ಮರದ ಕುರ್ಚಿಯ ದುರ್ಬಲ ಜಾಗ. ಅಡ್ಡ ಕತ್ತರಿಸಿದ ತುದಿ ಬತ್ತಿಯ ಹಾಗೆ ನೀರು ಹೀರುತ್ತದೆ. ಬುಡಕ್ಕೆ ಮೇಣವನ್ನೋ ಎಪಾಕ್ಸಿಯನ್ನೋ ಚೆನ್ನಾಗಿ ಹಚ್ಚಿ ರಬ್ಬರ್ ಗುಂಡಿ ಹೊಡೆಸಿ. ಹತ್ತು ನಿಮಿಷದ ಕೆಲಸ, ಕುರ್ಚಿಗೆ ವರ್ಷಗಟ್ಟಲೆ ಆಯಸ್ಸು.

ಬೆತ್ತ ಒಳಗಿನ ಹಜಾರಕ್ಕೆ ಚೆಂದ, ಹೊರಗೆ ಬೇಡ. ಬೆತ್ತದಂತೆ ಕಾಣುವ ಪ್ಲಾಸ್ಟಿಕ್ ಹೆಣಿಗೆಯ ಸೆಟ್ ಈಗ ಎಲ್ಲ ಕಡೆ ಸಿಗುತ್ತದೆ. ಹೆಣಿಗೆ ಮಳೆಗೆ ಏನೂ ಆಗುವುದಿಲ್ಲ, ಒಳಗಿನ ಚೌಕಟ್ಟು ಯಾವುದು ಎಂಬುದೇ ಮುಖ್ಯ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಚೌಕಟ್ಟಿಗೆ ಅಂಟಿಕೊಂಡರೆ ಕಬ್ಬಿಣ, ಅಂಟದಿದ್ದರೆ ಬಹುಮಟ್ಟಿಗೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಎತ್ತಿ ಒಳಗಿಡಲೂ ಹಗುರ. ಬೆಲೆ ಜಾಸ್ತಿಯಾದರೂ ಮಡಿಕೇರಿಯಂಥ ಊರಿಗೆ ನಾನು ಅದನ್ನೇ ಆರಿಸುತ್ತೇನೆ. ಕಬ್ಬಿಣವೇ ಬೇಕೆಂದರೆ ವೆಲ್ಡಿಂಗ್ ಮಾಡಿದ ಜಾಗಗಳನ್ನು ಬೆರಳಿಟ್ಟು ನೋಡಿ, ತುಕ್ಕು ಅಲ್ಲಿಂದಲೇ ಏಳುತ್ತದೆ. ಪೈಪಿನ ಕಾಲಾದರೆ ಒಳಗೆ ಹೋದ ನೀರು ಹೊರಬರಲು ಕೆಳಗೊಂದು ತೂತು ಇರಬೇಕು.

ಪ್ಲಾಸ್ಟಿಕ್ ಕುರ್ಚಿಯನ್ನು ಕೀಳಾಗಿ ನೋಡುವುದು ಬೇಡ. ಮದುವೆ, ನಾಮಕರಣ, ಹಬ್ಬಕ್ಕೆ ಹತ್ತು ಜನ ಬಂದಾಗ ಆಗಿಬರುವುದು ಅದೇ, ಆರು ಕುರ್ಚಿ ಒಂದೇ ಕುರ್ಚಿಯ ಜಾಗದಲ್ಲಿ ಕೂರುತ್ತವೆ. ಬಿಸಿಲಿನಲ್ಲೇ ಬಿಟ್ಟರೆ ಮಾತ್ರ ಕೆಲವು ವರ್ಷಕ್ಕೆ ಪೆಡಸಾಗಿ ಕಾಲು ಮುರಿಯುತ್ತದೆ.

ದಿಂಬಿನ ಕವರ್ ಜಿಪ್ ಇರುವಂಥದ್ದು ಇರಲಿ. ದಿಂಬು ರಾತ್ರಿ ಹೊರಗೆ ಇರಬಾರದು. ಜನವರಿಯ ಇಬ್ಬನಿಯೇ ಸಾಕು ಅದನ್ನು ತೋಯಿಸಲು.

ಹೇಗೆ ಇಡುವುದು?

ಬೆಳಿಗ್ಗೆ ಕೂರುವವರು ನೀವಾದರೆ ಪೂರ್ವದ ಬದಿ ನೋಡಿ. ಚಳಿಗಾಲದಲ್ಲಿ ಮಂಜು ಸರಿದು ಮೊದಲ ಬಿಸಿಲು ಬೀಳುವ ಮೂಲೆ ಯಾವುದು ಎಂದು ಮನೆಯ ನಾಯಿಗೆ ಗೊತ್ತಿರುತ್ತದೆ, ಅದು ಮಲಗುವ ಕಡೆಯೇ ಇಡಿ. ಸಂಜೆ ಕೂರುವವರಾದರೆ ತೋಟ ಕಾಣುವಂತೆ, ಆದರೆ ಪಡುವಣ ಬಿಸಿಲು ಕಣ್ಣಿಗೆ ಹೊಡೆಯದಂತೆ ಸ್ವಲ್ಪ ಓರೆಯಾಗಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದಾಗ ಆ ಜಾಗದಲ್ಲಿ ಕೂತವರಿಗೆ ಒಳಗೆ ಬರಲು ಮನಸ್ಸೇ ಆಗುವುದಿಲ್ಲ.

ಎದುರುಬದುರು ಕುರ್ಚಿಗಳ ನಡುವೆ 5ರಿಂದ 6 ಅಡಿ ಇದ್ದರೆ ಕೂಗದೆ ಮಾತಾಡಬಹುದು. ಟೀಪಾಯಿ ಮೊಣಕಾಲಿನಿಂದ ಒಂದು ಅಡಿ ದೂರದಲ್ಲಿರಲಿ, ಲೋಟ ಕೈಗೆ ಸಿಗಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಒಂದಾದರೂ 18 ಇಂಚು ಎತ್ತರದ, ಕೈ ಇರುವ, ಗಟ್ಟಿ ಕುರ್ಚಿ ಬೇಕೇ ಬೇಕು. ತಗ್ಗಿನ ಸೋಫಾದಿಂದ ಅಜ್ಜಿ ತಾತಂದಿರು ಏಳಲು ಪಡುವ ಕಷ್ಟ ನೋಡಲಾಗುವುದಿಲ್ಲ. ಅವರ ಕುರ್ಚಿ ಬಾಗಿಲಿಗೆ ಹತ್ತಿರ, ಮೆಟ್ಟಿಲಿನಿಂದ ದೂರ, ಪಾಚಿ ಕಟ್ಟದ ನೆಲದ ಮೇಲೆ.

ಹುಲ್ಲಿನ ಅಂಚಿಗೆ ತಾಗಿಸಿ ಇಡಬೇಡಿ, ಮಳೆ ಶುರುವಾದರೆ ಜಿಗಣೆ ಕಾಲಿಗೆ ಹತ್ತುತ್ತದೆ. ಹಲಸಿನ ಮರದ ಕೆಳಗಂತೂ ಬೇಡವೇ ಬೇಡ, ಹಣ್ಣು ಬೀಳುವ ಕಾಲದಲ್ಲಿ ಅದು ಅಪಾಯ. ದೀಪ ಹಳದಿ ಬೆಳಕಿನದ್ದು ಹಾಕಿ, ಬಿಳಿ ದೀಪಕ್ಕಿಂತ ಹುಳ ಕಡಿಮೆ ಬರುತ್ತದೆ.

ಮೇ ಕೊನೆಯ ಕೆಲಸ

ಮರಕ್ಕೆ ಎಣ್ಣೆ ಹಚ್ಚುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲಿ, ಮರ ಪೂರ್ತಿ ಒಣಗಿರುವಾಗ. ಹಸಿ ಅಗಸೆ ಎಣ್ಣೆ ನಮ್ಮ ಹವೆಗೆ ಹೊಂದುವುದಿಲ್ಲ, ಅದರ ಮೇಲೆ ಬೂಷ್ಟು ಬೇಗ ಏಳುತ್ತದೆ. ಯಾವುದೇ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ ಮಾಡಿನ ಮರಕ್ಕೆ ಸರಿ, ಕೂರುವ ಕುರ್ಚಿಗೆ ಬೇಡ, ಚರ್ಮ ಸುಡುತ್ತದೆ.

ಮೇ ಮುಗಿಯುವ ಮುಂಚೆ ಸೋಪಿನ ನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಬಿಟ್ಟು, ಪೆನ್ಸಿಲ್ ಗುರುತಿನ ಒಳಗೆ ತನ್ನಿ. ಟಾರ್ಪಾಲಿನಿಂದ ನೆಲದವರೆಗೆ ಬಿಗಿಯಾಗಿ ಸುತ್ತುವುದು ಎಲ್ಲರೂ ಮಾಡುವ ತಪ್ಪು. ಒಳಗಿನ ಪಸೆ ಹೊರಗೆ ಹೋಗದೆ ಅಲ್ಲೇ ಬೂಷ್ಟು ಬೆಳೆಯುತ್ತದೆ. ಕೆಳಗೆ ಒಂದು ಅಡಿ ಗಾಳಿಯಾಡಲು ಬಿಡಿ. ಮೇಜಿನ ಮೇಲೊಂದು ಮಣೆಯೋ ಬಕೆಟ್ಟೋ ಬೋರಲು ಹಾಕಿ ಅದರ ಮೇಲೆ ಟಾರ್ಪಾಲು ಹೊದಿಸಿದರೆ ನೀರು ನಿಲ್ಲದೆ ಇಳಿದುಹೋಗುತ್ತದೆ.

ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ ಕಳೆದು ಬಿಸಿಲು ಕಾಣತೊಡಗಿದ ಮೇಲೆ ಹೊರಗೆ ತೆಗೆಯಿರಿ, ಆದರೆ ನಾಲ್ಕು ತಿಂಗಳು ಪಸೆ ಕುಡಿದ ಮರವನ್ನು ಒಮ್ಮೆಲೇ ಬಿಸಿಲಿಗೆ ಇಡಬೇಡಿ. ಹಲಗೆ ಸೀಳುತ್ತದೆ. ಒಂದು ವಾರ ನೆರಳಿನಲ್ಲಿ ಗಾಳಿಗೆ ಬಿಡಿ, ಸ್ಕ್ರೂ ಎಲ್ಲ ಒಮ್ಮೆ ಬಿಗಿ ಮಾಡಿ, ಆಮೇಲೆ ಅಂಗಳಕ್ಕೆ ಇಳಿಸಿ.